ಬಾಣಂತಿ, ಹಸುಗೂಸುಗಳ ಸಾವಿನ ಲೆಕ್ಕ: ನಿಮ್ಮ ಊರಿಗೆ ಯಾವ ದಾರಿ ಸರಿ?

ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು ಜಮಖಂಡಿ ಕಡೆ ಮದುವೆಯಾಗಿ ಹೋಗಿದ್ದಾಳೆ ಎಂದುಕೊಳ್ಳಿ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ. ಏಳನೇ ತಿಂಗಳಲ್ಲಿ ಕುಬಸ ಮುಗಿಸಿಕೊಂಡು ತವರಿಗೆ ಬಂದಳು. ಹೆರಿಗೆ ವಿಜಯಪುರದ ಆಸ್ಪತ್ರೆಯೊಂದರಲ್ಲಿ ಆಯಿತು. ಹತ್ತನೇ ದಿನ ಚಳಿಜ್ವರ ಶುರುವಾಯಿತು. ಹನ್ನೆರಡನೇ ದಿನ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ತೀರಿಕೊಂಡಳು.

ಈ ಸಾವು ಯಾರ ಪುಸ್ತಕದಲ್ಲಿ ಬರಬೇಕು? ಗಂಡನ ಊರಿನ ಆಶಾ ತಮ್ಮ ರಿಜಿಸ್ಟರ್‌ನಲ್ಲಿ 'ತವರಿಗೆ ಹೋಗಿದ್ದಾಳೆ' ಎಂದು ಬರೆದು ಬಿಟ್ಟಿದ್ದಾರೆ. ತವರೂರಿನ ಆಶಾ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ. ಹೆರಿಗೆಯಾದ ಆಸ್ಪತ್ರೆಯ ದಾಖಲೆಯಲ್ಲಿ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಡಿಸ್ಚಾರ್ಜ್ ಆಗಿದೆ. ಸೊಲ್ಲಾಪುರದ ಆಸ್ಪತ್ರೆಯನ್ನು ಅವಳು ತಲುಪಲೇ ಇಲ್ಲ. ನಾಲ್ಕು ಕಡೆ ರಿಜಿಸ್ಟರ್ ಇದ್ದೂ ಸಾವು ಎಲ್ಲೂ ಇಲ್ಲ. ಯಾರೂ ಸುಳ್ಳು ಬರೆದಿಲ್ಲ, ಆದರೂ ಒಂದು ಜೀವ ಲೆಕ್ಕದಿಂದ ಜಾರಿ ಹೋಯಿತು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಹಳ್ಳಿಗಳಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳು, ಗ್ರಾಮ ಪಂಚಾಯಿತಿ ಸದಸ್ಯರು, ಹೀಗೆ 'ನಮ್ಮ ಕಡೆ ಎಷ್ಟು ತಾಯಂದಿರು, ಎಷ್ಟು ಕೂಸುಗಳು ಸಾಯುತ್ತಿವೆ, ಯಾಕೆ' ಎಂದು ತಿಳಿಯಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಾರಿಗಳು ಹಲವಿವೆ. ಒಂದೊಂದಕ್ಕೂ ಬೇರೆ ಬೇರೆ ಕೆಲಸ. ತಪ್ಪು ದಾರಿ ಹಿಡಿದರೆ ವರ್ಷಗಟ್ಟಲೆ ರಿಜಿಸ್ಟರ್ ತುಂಬಿಸಿದರೂ ಕೈಗೆ ಏನೂ ಸಿಗುವುದಿಲ್ಲ.

ಮೊದಲು ನಿಮ್ಮ ಅಳತೆ ನೋಡಿಕೊಳ್ಳಿ

ಇದನ್ನು ಬಹಳ ಜನ ಮಾಡುವುದಿಲ್ಲ. 30,000 ಜನರಿರುವ ಒಂದು ಆರೋಗ್ಯ ಕೇಂದ್ರದ ವ್ಯಾಪ್ತಿ ತೆಗೆದುಕೊಳ್ಳಿ. ವರ್ಷಕ್ಕೆ ಸಾವಿರ ಜನರಿಗೆ 17 ಹೆರಿಗೆ ಅಂದರೆ ಸುಮಾರು 510 ಹೆರಿಗೆ. 2018-20ರ ಲೆಕ್ಕದಲ್ಲಿ ಕರ್ನಾಟಕದ ತಾಯಿ ಮರಣ ಪ್ರಮಾಣ 69, ಅಂದರೆ ಲಕ್ಷ ಜೀವಂತ ಜನನಕ್ಕೆ 69 ಸಾವು. ಈ ಲೆಕ್ಕದಂತೆ ಹೋದರೆ ನಿಮ್ಮ ವ್ಯಾಪ್ತಿಯಲ್ಲಿ ಸುಮಾರು ಮೂರು ವರ್ಷಕ್ಕೆ ಒಂದು ತಾಯಿ ಸಾವು. ಹಸುಗೂಸಿನ ಸಾವು ಹಾಗಲ್ಲ. ಸಾವಿರಕ್ಕೆ 15 ಎಂದು ಹಿಡಿದರೂ ವರ್ಷಕ್ಕೆ ಏಳೆಂಟು ಕೂಸುಗಳು.

ಹಾಗಾಗಿ ಒಂದು ಆರೋಗ್ಯ ಕೇಂದ್ರದ ಮಟ್ಟದಲ್ಲಿ ತಾಯಿ ಮರಣದ ಪ್ರಮಾಣ ಲೆಕ್ಕ ಹಾಕುವುದು ಸುಮ್ನೆ ಶ್ರಮ. ಒಂದು ವರ್ಷ ಸೊನ್ನೆ ಬರುತ್ತದೆ. ಮರುವರ್ಷ ಒಂದು ಸಾವಾದರೆ 196 ಎಂದು ಬರುತ್ತದೆ. ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಬೇಕಾದದ್ದು ಆ ಒಂದು ಸಾವಿನ ಪೂರ್ತಿ ಕಥೆ. ಪ್ರಮಾಣಕ್ಕೆ ಅರ್ಥ ಬರುವುದು ಬಹು ದೊಡ್ಡ ಜನಸಂಖ್ಯೆಯಲ್ಲಿ. ಇಪ್ಪತ್ತು ಲಕ್ಷ ಜನರ ಜಿಲ್ಲೆಯಲ್ಲೂ ವರ್ಷಕ್ಕೆ ಬರುವುದು ಇಪ್ಪತ್ತಮೂರು, ಇಪ್ಪತ್ತನಾಲ್ಕು ಸಾವು. ಅಲ್ಲೂ ವರ್ಷದಿಂದ ವರ್ಷಕ್ಕೆ ಏರಿಳಿತ ಇದ್ದೇ ಇರುತ್ತದೆ.

ಯಾವ ಸಾವನ್ನು ಎಣಿಸಬೇಕು ಎಂಬುದೂ ಸ್ಪಷ್ಟವಿರಲಿ. ಬಸುರಿಯಾಗಿದ್ದಾಗ, ಹೆರಿಗೆಯಲ್ಲಿ ಅಥವಾ ಬಸಿರು ಯಾವ ರೀತಿ ಮುಗಿದರೂ ಅದಾದ 42 ದಿನಗಳೊಳಗೆ, ಬಸಿರಿಗೆ ಸಂಬಂಧಿಸಿದ ಕಾರಣದಿಂದ ಅಥವಾ ಬಸಿರಿನಿಂದ ಜಾಸ್ತಿಯಾದ ಕಾಯಿಲೆಯಿಂದ ಸತ್ತರೆ ಅದು ತಾಯಿ ಮರಣ. ಗರ್ಭಪಾತದ ನಂತರದ ಸಾವೂ ಇದರಲ್ಲಿ ಬರುತ್ತದೆ. ಹಾವು ಕಚ್ಚಿ ಸತ್ತರೆ ಬರುವುದಿಲ್ಲ. ಜೀವಂತ ಹುಟ್ಟಿದ ಕೂಸು 28 ದಿನ ತುಂಬುವ ಮೊದಲು ಸತ್ತರೆ ಅದು ನವಜಾತ ಶಿಶು ಮರಣ.

ದೇಶದ ಅಂಕಿಗಳು ಎಲ್ಲಿಂದ ಬರುತ್ತವೆ?

ಮೇಲೆ ಹೇಳಿದ 69 ಬಂದದ್ದು ಮಾದರಿ ನೋಂದಣಿ ವ್ಯವಸ್ಥೆಯಿಂದ. ಎಸ್‌ಆರ್‌ಎಸ್ ಎನ್ನುತ್ತಾರೆ. ದೇಶದಾದ್ಯಂತ ಸುಮಾರು 8,800 ಹಳ್ಳಿ, ಬಡಾವಣೆಗಳನ್ನು ಆರಿಸಿಕೊಂಡು ಅಲ್ಲಿಯ ಹುಟ್ಟು ಸಾವುಗಳನ್ನು ಸ್ಥಳೀಯರೊಬ್ಬರು ವರ್ಷವಿಡೀ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಬೇರೊಬ್ಬರು ಬಂದು, ಮೊದಲಿನ ಪಟ್ಟಿ ನೋಡದೆ, ಮನೆ ಮನೆ ಸುತ್ತಿ ಬರೆಯುತ್ತಾರೆ. ಆಮೇಲೆ ಎರಡನ್ನೂ ಹೋಲಿಸಿ, ತಾಳೆಯಾಗದ್ದನ್ನು ಮತ್ತೆ ಊರಿಗೆ ಹೋಗಿ ಕೇಳುತ್ತಾರೆ. ವಿಧಾನ ಬಹಳ ಗಟ್ಟಿ. ಆದರೆ ತಾಯಿ ಮರಣ ಅಪರೂಪವಾದ್ದರಿಂದ ಅಷ್ಟು ದೊಡ್ಡ ಮಾದರಿಯಲ್ಲೂ ಮೂರು ವರ್ಷ ಒಟ್ಟು ಸೇರಿಸಿಯೇ ಅಂಕಿ ಕೊಡಬೇಕಾಗುತ್ತದೆ. 2019-21ರ ದೇಶದ ಅಂಕಿ 93 ಹೊರಬಿದ್ದದ್ದು 2025ರ ಮೇ ತಿಂಗಳಲ್ಲಿ. ರಾಜ್ಯ ಎತ್ತ ಸಾಗುತ್ತಿದೆ ಎಂದು ನೋಡಲು ಇದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ. ನಿಮ್ಮ ತಾಲ್ಲೂಕಿನ ಬಗ್ಗೆ ಇದು ಏನೂ ಹೇಳುವುದಿಲ್ಲ.

ಇನ್ನೊಂದು 'ಅಕ್ಕ ತಂಗಿ' ವಿಧಾನ. 1980ರ ದಶಕದ ಕೊನೆಗೆ ಗ್ಯಾಂಬಿಯಾದಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ದೊಡ್ಡವರನ್ನು ಕೇಳುವುದು ಇಷ್ಟೇ: ನಿಮಗೆ ಮದುವೆಯ ವಯಸ್ಸು ತಲುಪಿದ ಒಡಹುಟ್ಟಿದ ಹೆಣ್ಣುಮಕ್ಕಳು ಎಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು, ಅವರಲ್ಲಿ ಬಸಿರು ಬಾಣಂತನದಲ್ಲಿ ಹೋದವರೆಷ್ಟು. ಯಾವ ದಾಖಲೆಯೂ ಇಲ್ಲದ ದೇಶಗಳಲ್ಲಿ ಕಡಿಮೆ ಖರ್ಚಿನಲ್ಲಿ ಒಂದು ಅಂದಾಜು ಸಿಕ್ಕಿತು. ಆದರೆ ಅದು ಸುಮಾರು ಹನ್ನೆರಡು ವರ್ಷ ಹಿಂದಿನ ಸ್ಥಿತಿಯ ಅಂದಾಜು. ನಿಮಗೆ ಬೇಕಿರುವುದು ಹೋದ ತಿಂಗಳ ಸುದ್ದಿ. ಹಾಗಾಗಿ ಇದನ್ನು ಬಿಡಿ.

ಜನನ ಮರಣ ನೋಂದಣಿ ಸಾಕೇ?

1969ರ ಕಾಯ್ದೆಯಂತೆ ಪ್ರತಿ ಹುಟ್ಟು, ಪ್ರತಿ ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಮುಂದೊಂದು ದಿನ ಇದೇ ಎಲ್ಲಕ್ಕೂ ಆಧಾರವಾಗಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇವತ್ತಿಗೆ ಇದನ್ನೇ ನಂಬಿ ಕೂರಲಾಗದು. ಆಸ್ತಿ, ವಿಮೆ, ಪಿಂಚಣಿ ಇದ್ದವರ ಸಾವು ತಪ್ಪದೆ ನೋಂದಣಿಯಾಗುತ್ತದೆ, ಮನೆಯವರಿಗೆ ಸರ್ಟಿಫಿಕೇಟ್ ಬೇಕಿರುತ್ತದೆ. ಹೆಸರಿಡುವ ಮೊದಲೇ ಹೋದ ಮೂರು ದಿನದ ಕೂಸಿನ ಮರಣ ಪ್ರಮಾಣ ಪತ್ರ ಯಾರಿಗೆ ಬೇಕು? ಅಂಥ ಕೂಸನ್ನು ಹೊಲದ ಬದುವಿನಲ್ಲೋ ಹಿತ್ತಲಲ್ಲೋ ಮಣ್ಣು ಮಾಡಿ ಮನೆಯವರು ಮೌನವಾಗುತ್ತಾರೆ. ಹುಟ್ಟೂ ದಾಖಲಾಗುವುದಿಲ್ಲ, ಸಾವೂ ದಾಖಲಾಗುವುದಿಲ್ಲ.

ಮನೆಯಲ್ಲಾದ ಸಾವಿಗೆ 'ಜ್ವರ', 'ಹೃದಯಾಘಾತ' ಎಂದು ಕಾರಣ ಬರೆಸುವುದೂ ಉಂಟು. ಆಕೆ ಬಾಣಂತಿ ಎಂಬುದೇ ಕಾಣೆಯಾಗುತ್ತದೆ. ಆದ್ದರಿಂದ ನೋಂದಣಿ ಪುಸ್ತಕವನ್ನು ತಾಳೆ ನೋಡಲು ಎರಡನೇ ಪಟ್ಟಿಯಾಗಿ ಇಟ್ಟುಕೊಳ್ಳಿ. ಅದರಲ್ಲಿರುವ 15ರಿಂದ 49 ವರ್ಷದ ಪ್ರತಿ ಹೆಣ್ಣಿನ ಸಾವಿನ ಬೆನ್ನು ಹತ್ತಿ. ಸಿಕ್ಕರೆ ಅಲ್ಲೇ ಸಿಗುತ್ತದೆ.

ಆಸ್ಪತ್ರೆ ಲೆಕ್ಕದ ಬಲ ಅದರ ವೇಗ

ಹೆರಿಗೆಗಳು ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಯಲ್ಲೇ ಆಗುವ ಈ ಕಾಲದಲ್ಲಿ ಆಸ್ಪತ್ರೆಯ ಲೆಕ್ಕವೇ ಸಾಕಲ್ವಾ ಅನ್ನಿಸಬಹುದು. ಅರ್ಧ ನಿಜ. ಕೇಸ್ ಶೀಟ್ ಇರುತ್ತದೆ, ಎಷ್ಟು ಹೊತ್ತಿಗೆ ಬಂದಳು, ರಕ್ತ ಯಾವಾಗ ಸಿಕ್ಕಿತು, ಬಿಪಿ ಎಷ್ಟಿತ್ತು, ಎಲ್ಲ ಬರೆದಿರುತ್ತದೆ. ವೇಗವೂ ಇದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಒಂದೇ ಕಡೆ, ಒಂದೇ ಬಗೆಯ ಹೆರಿಗೆ, ಹತ್ತಿರ ಹತ್ತಿರದ ದಿನಗಳು. ಅದಕ್ಕೇ ಕಣ್ಣಿಗೆ ಬಿತ್ತು. ಅನುಮಾನ ಡ್ರಿಪ್ ಹಾಕಿದ ದ್ರಾವಣದ ಕಡೆ ಹೋಯಿತು, ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಎಲ್ಲ ಬಾಣಂತಿ ಸಾವುಗಳ ಆಡಿಟ್‌ಗೆ ಆದೇಶವಾಯಿತು. ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳನ್ನು ನೋಡಿದ ಆಡಿಟ್, ಅವುಗಳಲ್ಲಿ ಶೇ 70ರಷ್ಟನ್ನು ತಪ್ಪಿಸಬಹುದಿತ್ತು ಎಂದಿತು. ಆ ಮಾತನ್ನು ಓದಿದಾಗ ಹೊಟ್ಟೆ ಕಿವುಚಿದಂತಾಗುತ್ತದೆ. ಆದರೆ ಯೋಚಿಸಿ, ಅದೇ ಐದು ಸಾವು ಐದು ತಾಲ್ಲೂಕಿನ ಐದು ಮನೆಗಳಲ್ಲಿ ಆಗಿದ್ದರೆ? ಅವು ಬೇರೆ ಬೇರೆಯಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಉಳಿದುಬಿಡುತ್ತಿದ್ದವು.

ಆಸ್ಪತ್ರೆ ಲೆಕ್ಕದ ಕೊರತೆಯೂ ಅದೇ. ಗೇಟಿನ ಹೊರಗೆ ಏನಾಯಿತು ಎಂದು ಅದಕ್ಕೆ ಕಾಣುವುದಿಲ್ಲ. 108 ಆಂಬ್ಯುಲೆನ್ಸ್‌ನಲ್ಲಿ ಹೋದವಳು, ಡಿಸ್ಚಾರ್ಜ್ ಆದ ಹತ್ತು ದಿನಕ್ಕೆ ನಂಜೇರಿ ಹೋದವಳು, ಎರಡನೇ ತಿಂಗಳಲ್ಲೇ ಗರ್ಭನಾಳದ ಬಸಿರು ಒಡೆದು ಹೋದವಳು, ಮದುವೆಯಾಗದೆ ಬಸಿರಾಗಿ ಮನೆಯವರು ಮುಚ್ಚಿಟ್ಟವಳು, ಇವರು ಯಾರೂ ಅದರಲ್ಲಿಲ್ಲ. ಇನ್ನೊಂದು ಆಸ್ಪತ್ರೆಗೆ ರೆಫರ್ ಮಾಡಿದ ಕೇಸನ್ನು ಯಾರು ಬರೆಯಬೇಕು ಎಂಬ ಜಗಳವೂ ಇದ್ದದ್ದೇ.

ಆಶಾ ಸುದ್ದಿ, ಆಮೇಲೆ ವಿಮರ್ಶೆ

ಭಾರತದಲ್ಲಿ 2010ರಿಂದ ತಾಯಿ ಮರಣ ವಿಮರ್ಶೆಗೆ ಮಾರ್ಗಸೂಚಿ ಇದೆ, 2017ರಲ್ಲಿ ಅದನ್ನು ನಿಗಾ ವ್ಯವಸ್ಥೆಯೊಂದಿಗೆ ಸೇರಿಸಿ ಮತ್ತೆ ಬರೆದರು. ಮಕ್ಕಳ ಸಾವಿನ ವಿಮರ್ಶೆಗೆ 2014ರಲ್ಲಿ ಮಾರ್ಗಸೂಚಿ ಬಂತು. ಆಶಾ ಕಾರ್ಯಕರ್ತೆ ತಮ್ಮ ಊರಿನಲ್ಲಿ 15ರಿಂದ 49 ವಯಸ್ಸಿನ ಯಾವ ಹೆಣ್ಣು ಸತ್ತರೂ ತಿಳಿಸಬೇಕು. ಅದು ಬಸಿರು ಬಾಣಂತನದ ಸಾವೇ ಎಂದು ಆ ಊರಿನ ಆರೋಗ್ಯ ಸಹಾಯಕಿ, ಅಂದರೆ ಸಿಸ್ಟರ್, ಖಚಿತಪಡಿಸುತ್ತಾರೆ. ಆಮೇಲೆ ತಂಡ ಮನೆಗೆ ಹೋಗಿ ಕೇಳುತ್ತದೆ. ಜಿಲ್ಲಾ ಸಮಿತಿ ಚರ್ಚಿಸುತ್ತದೆ. ಜಿಲ್ಲಾಧಿಕಾರಿ ನಡೆಸುವ ವಿಮರ್ಶೆಗೆ ಸತ್ತವಳ ಮನೆಯವರನ್ನೂ ಕರೆಯಬೇಕು ಎಂದಿದೆ.

ಈ ಕೊನೆಯ ಸಾಲು ಎಷ್ಟು ದೊಡ್ಡದು ಗೊತ್ತಾ? ಅಧಿಕಾರಿಗಳು ಕೂತ ಕೋಣೆಯಲ್ಲಿ ಒಬ್ಬ ಅತ್ತೆ, ಒಬ್ಬ ತಮ್ಮ ಎದ್ದು 'ರಾತ್ರಿ ಹನ್ನೊಂದಕ್ಕೆ ಹೋದೆವು, ಬೀಗ ಹಾಕಿತ್ತು' ಎಂದು ಹೇಳಬಹುದು. ಬೇರಾವ ವಿಧಾನದಲ್ಲೂ ಇದಿಲ್ಲ.

ಈ ದಾರಿ ಎಲ್ಲಿ ಮುರಿಯುತ್ತದೆ ಎಂದರೆ ಭಯದಲ್ಲಿ. ಸಾವು ವರದಿ ಮಾಡಿದ ತಕ್ಷಣ 'ನೀನೇನು ಮಾಡುತ್ತಿದ್ದೆ' ಎಂದು ಆಶಾಗೆ ನೋಟಿಸ್ ಬಂದರೆ, ಮುಂದಿನ ಸಾವು ವರದಿಯಾಗುವುದಿಲ್ಲ. ಗೌರವಧನದ ಮೇಲೆ ದುಡಿಯುವ ಹೆಣ್ಣುಮಗಳಿಗೆ ಎದುರಿಸುವ ಶಕ್ತಿ ಎಲ್ಲಿಂದ ಬರಬೇಕು? ಹೆಸರು ಬೇಡ, ಬೈಗುಳ ಬೇಡ ಎಂದು ಎಲ್ಲ ಮಾರ್ಗಸೂಚಿಗಳೂ ಹೇಳುತ್ತವೆ. ನಿಮ್ಮ ಸಭೆಯಲ್ಲಿ ಮೊದಲ ಪ್ರಶ್ನೆ 'ಯಾರ ತಪ್ಪು' ಆಗಿದ್ದರೆ ಆ ಮಾತು ಬರೀ ಕಾಗದ. 'ಎಲ್ಲಿ ತಡವಾಯಿತು' ಎಂದು ಕೇಳಿ. ಹೋಗಬೇಕು ಎಂದು ಮನೆಯಲ್ಲಿ ನಿರ್ಧಾರವಾಗಲು ತಡವಾಯಿತಾ, ದಾರಿಯಲ್ಲಿ ತಡವಾಯಿತಾ, ಆಸ್ಪತ್ರೆ ತಲುಪಿದ ಮೇಲೆ ತಡವಾಯಿತಾ? ಈ ಮೂರು ತಡಗಳ ಲೆಕ್ಕವೇ ವಿಮರ್ಶೆಯ ಬೆನ್ನೆಲುಬು.

ಬಸುರಿಯರ ಪಟ್ಟಿ ಹಿಡಿದು ಹೋಗುವುದು

ನನ್ನ ಮನಸ್ಸಿಗೆ ಅತಿ ಹತ್ತಿರವಾದ ದಾರಿ ಇದು. ಸಾವನ್ನು ಹುಡುಕಿಕೊಂಡು ಹೋಗುವ ಬದಲು ಬಸಿರಿನಿಂದ ಶುರು ಮಾಡುವುದು. ಊರಿನ ಪ್ರತಿ ಬಸುರಿಯನ್ನು ಆದಷ್ಟು ಬೇಗ ಪಟ್ಟಿಗೆ ಸೇರಿಸಿ, ಹೆರಿಗೆಯಲ್ಲಿ ಏನಾಯಿತು ಎಂದು ಬರೆದು, 42ನೇ ದಿನ ತಾಯಿ ಮಗು ಇಬ್ಬರೂ ಹೇಗಿದ್ದಾರೆ ಎಂದು ನೋಡಿ ಆ ಸಾಲನ್ನು ಮುಗಿಸುವುದು.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಬೆಳಗಾವಿಯಲ್ಲೇ ಇದೆ. ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಹಲವು ದೇಶಗಳ ಸಂಶೋಧನಾ ಕೇಂದ್ರಗಳ ಜೊತೆ ಸೇರಿ, 2008ರ ಹೊತ್ತಿಗೆ ತಾಯಿ ಮತ್ತು ನವಜಾತ ಶಿಶುಗಳ ರಿಜಿಸ್ಟ್ರಿ ಶುರು ಮಾಡಿತು. ನಾಗಪುರ, ಪಾಕಿಸ್ತಾನ, ಕೀನ್ಯಾ, ಜಾಂಬಿಯಾ, ಗ್ವಾಟೆಮಾಲಾಗಳಲ್ಲೂ ಇದೇ ಪದ್ಧತಿ. ವರ್ಷಕ್ಕೆ ಮುನ್ನೂರರಿಂದ ಐನೂರು ಹೆರಿಗೆಗಳಾಗುವ ಪ್ರದೇಶವನ್ನು ಒಂದು ಘಟಕ ಮಾಡಿಕೊಂಡು, ಮನೆ, ಆಸ್ಪತ್ರೆ ಎನ್ನದೆ ಎಲ್ಲ ಹೆರಿಗೆಗಳನ್ನೂ 42 ದಿನದವರೆಗೆ ಹಿಂಬಾಲಿಸುತ್ತಾರೆ. ಇಲ್ಲಿ ಒಟ್ಟು ಹೆರಿಗೆ ಎಷ್ಟು ಎಂಬುದೂ ಕೈಯಲ್ಲಿರುತ್ತದೆ, ಸಾವೂ ಕೈಯಲ್ಲಿರುತ್ತದೆ. ಮುಖ್ಯವಾಗಿ, ಸತ್ತೇ ಹುಟ್ಟಿದ ಕೂಸುಗಳು ಲೆಕ್ಕಕ್ಕೆ ಸಿಗುತ್ತವೆ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಸರ್ಚ್ ಸಂಸ್ಥೆ ಇನ್ನೂ ಮೊದಲೇ ಇಂಥದ್ದನ್ನು ಮಾಡಿ ತೋರಿಸಿತ್ತು. ಹುಟ್ಟು ಸಾವುಗಳನ್ನು ಊರವರೇ ಬರೆಯುತ್ತಿದ್ದರು, ಅದರ ಮೇಲೆ ಆರು ತಿಂಗಳಿಗೊಮ್ಮೆ ಮನೆ ಮನೆ ಸಮೀಕ್ಷೆ. ಅವರು ಕೆಲಸ ಮಾಡಿದ 39 ಹಳ್ಳಿಗಳಲ್ಲಿ ಹಸುಗೂಸುಗಳ ಸಾವು ಸಾವಿರಕ್ಕೆ 62 ಇದ್ದದ್ದು 25ರ ಆಸುಪಾಸಿಗೆ ಇಳಿಯಿತು ಎಂದು 1999ರಲ್ಲಿ ಲೋಕಕ್ಕೆ ಹೇಳಲು ಸಾಧ್ಯವಾದದ್ದು ಆ ಲೆಕ್ಕ ಗಟ್ಟಿಯಿದ್ದುದರಿಂದ. ಮನೆಯಲ್ಲೇ ಕೂಸಿನ ಆರೈಕೆ ಎಂಬ ಅವರ ಆಲೋಚನೆ ಮುಂದೆ ದೇಶದ ಆಶಾಗಳ ಕೆಲಸವಾಯಿತು.

ಅದರಿಂದ ನಿಮಗೊಂದು ಅನುಕೂಲವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಹೇಗೂ ಹೋಗಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಹೋಗಬೇಕು. ಹೊಸ ಭೇಟಿ ಬೇಕಿಲ್ಲ. 42ನೇ ದಿನದ ಭೇಟಿ ಆಗದ ಹೆಸರುಗಳನ್ನು ತಿಂಗಳ ಕೊನೆಗೆ ಬೇರೆ ಬರೆದುಕೊಂಡು ಒಂದೊಂದಕ್ಕೂ ಫೋನ್ ಮಾಡಿ. ಜಾರಿ ಹೋದ ಸಾವುಗಳು ಬಹಳ ಮಟ್ಟಿಗೆ ಅಲ್ಲೇ ಕೂತಿರುತ್ತವೆ.

ಕೊರತೆ? ಖರ್ಚು. ಬೆಳಗಾವಿಯಂಥ ರಿಜಿಸ್ಟ್ರಿಗೆ ಸಂಬಳದ ಜನ ಬೇಕು, ಮೇಲ್ವಿಚಾರಣೆ ಬೇಕು, ವರ್ಷಗಟ್ಟಲೆ ಹಣ ಬೇಕು. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಾಫಿ ತೋಟಕ್ಕೆ ವಲಸೆ ಬಂದ ಬಸುರಿಯರು ಮತ್ತೂ ಕೈತಪ್ಪುತ್ತಾರೆ. ಎರಡು ಮೂರನೇ ತಿಂಗಳಲ್ಲೇ ಆಗುವ ಸಾವೂ ಪಟ್ಟಿಗೆ ಬರುವ ಮೊದಲೇ ಆಗಿಬಿಡುತ್ತದೆ. ಆದ್ದರಿಂದ ಈ ಪಟ್ಟಿಯ ಜೊತೆಗೆ 15ರಿಂದ 49ರ ಎಲ್ಲ ಹೆಣ್ಣುಗಳ ಸಾವಿನ ಪಟ್ಟಿಯೂ ಇರಲೇಬೇಕು.

ಕಾರಣ ತಿಳಿಯಲು: ಮನೆಯವರ ಬಾಯಿಂದಲೋ, ಕೇಸ್ ಶೀಟಿನಿಂದಲೋ?

ಮನೆಗೆ ಹೋಗಿ ಕೇಳಿ ತಿಳಿಯುವುದಕ್ಕೆ ಮೌಖಿಕ ಶವಪರೀಕ್ಷೆ ಎನ್ನುತ್ತಾರೆ. ಆ ಹೆಸರನ್ನು ದಯವಿಟ್ಟು ಮನೆಯವರ ಮುಂದೆ ಬಳಸಬೇಡಿ. 'ಏನಾಯಿತು ಎಂದು ಕೇಳಲು ಬಂದಿದ್ದೇವೆ' ಎಂದರೆ ಸಾಕು. ಹನ್ನೊಂದನೇ ದಿನದ ಕಾರ್ಯಗಳು ಮುಗಿಯಲಿ, ಆದರೆ ತಿಂಗಳು ದಾಟಿಸಬೇಡಿ. ರಕ್ತಸ್ರಾವ, ಫಿಟ್ಸ್ ಬಂದು ಹೋದದ್ದು ಮನೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಎಷ್ಟು ಬಟ್ಟೆ ಒದ್ದೆಯಾದವು, ಮುಖ ಕೈ ಊದಿತ್ತಾ, ಕಣ್ಣು ಮಂಜಾಗುತ್ತದೆ ಅಂದಿದ್ದಳಾ ಎಂದು ಕೇಳಿದರೆ ಉತ್ತರ ಬರುತ್ತದೆ. ಹೃದಯದ ಕಾಯಿಲೆ, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋದದ್ದು ಇಂಥವು ಈ ದಾರಿಯಲ್ಲಿ ಸಿಗುವುದು ಕಷ್ಟ. ಅವಕ್ಕೆ ಕೇಸ್ ಶೀಟೇ ಬೇಕು.

ಕೇರಳದಲ್ಲಿ ಪ್ರಸೂತಿ ತಜ್ಞರ ಸಂಘ 2004ರಿಂದ ಗುಪ್ತ ವಿಮರ್ಶೆ ನಡೆಸುತ್ತಿದೆ. ತಾಯಿಯ, ವೈದ್ಯರ, ಆಸ್ಪತ್ರೆಯ ಹೆಸರು ತೆಗೆದು ಕೇಸ್ ಶೀಟುಗಳನ್ನು ತಜ್ಞರು ಓದುತ್ತಾರೆ. ರಕ್ತಸ್ರಾವ ಮತ್ತು ಬಿಪಿಯ ಚಿಕಿತ್ಸೆ ಸುಧಾರಿಸಲು ಮುಂದೆ ನಡೆದ ಪ್ರಯತ್ನಗಳಿಗೆ ಇದೇ ದಾರಿ ತೋರಿಸಿತು. ಬಹಳ ಒಳ್ಳೆಯ ಪದ್ಧತಿ, ಆದರೆ ಒಂದು ರಾಜ್ಯದ ಮಟ್ಟಕ್ಕೆ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಮೂರು ಸಾವಾದರೆ ಹೆಸರು ಅಳಿಸಿದರೂ ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ.

ಕೂಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ನವಜಾತ ಸಾವುಗಳಲ್ಲಿ ನಾಲ್ಕರಲ್ಲಿ ಮೂರು ಮೊದಲ ವಾರದಲ್ಲೇ ಆಗುತ್ತವೆ, ಅದರಲ್ಲೂ ಮೊದಲ ದಿನ ಜಾಸ್ತಿ. ಒಂದೆರಡು ಉಸಿರೆಳೆದು ಹೋದ ಕೂಸನ್ನು 'ಸತ್ತೇ ಹುಟ್ಟಿತು' ಎಂದು ಬರೆಯುವುದು ತುಂಬಾ ಸುಲಭ. ಹಾಗೆ ಬರೆದರೆ ಹೆರಿಗೆ ಕೋಣೆಯಲ್ಲಿ ಉಸಿರು ಹಿಡಿಸುವ ಬ್ಯಾಗು ಮಾಸ್ಕು ಇತ್ತಾ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಹಾಗಾಗಿ ತಾಯಿಯನ್ನೇ, ಅಥವಾ ಪಕ್ಕದಲ್ಲಿದ್ದ ಹೆಂಗಸನ್ನೇ ಕೇಳಿ: ಅತ್ತಿತಾ? ಉಸಿರಾಡಿತಾ? ಕೈಕಾಲು ಆಡಿಸಿತಾ? ಒಂದಕ್ಕೆ ಹೌದು ಎಂದರೂ ಅದು ಜೀವಂತ ಹುಟ್ಟಿದ ಕೂಸು.

ಹಾಗಾದರೆ ನೀವು ಯಾವುದನ್ನು ಹಿಡಿಯಬೇಕು?

ನೀವು ಆರೋಗ್ಯ ಕೇಂದ್ರದ ವೈದ್ಯರಾಗಿದ್ದರೆ ಹೊಸದೇನೂ ಬೇಡ. ಬಸುರಿಯರ ಪಟ್ಟಿಯನ್ನು 42ನೇ ದಿನದವರೆಗೆ ಮುಗಿಸಿ, ಹೆಣ್ಣುಗಳ ಸಾವಿನ ಪಟ್ಟಿಯನ್ನು ಪಕ್ಕದಲ್ಲಿಡಿ, ವರ್ಷಕ್ಕೆ ಬರುವ ಏಳೆಂಟು ಕೂಸುಗಳ ಸಾವನ್ನು ಒಂದೂ ಬಿಡದೆ ಕೂತು ಮಾತಾಡಿ. ಜಿಲ್ಲೆಯ ಆರ್‌ಸಿಎಚ್ (ತಾಯಿ ಮಕ್ಕಳ ಆರೋಗ್ಯ) ಅಧಿಕಾರಿಯಾಗಿದ್ದರೆ ಆಸ್ಪತ್ರೆ, ಆಶಾ, ನೋಂದಣಿ ಮೂರನ್ನೂ ತಿಂಗಳಿಗೊಮ್ಮೆ ಒಟ್ಟಿಗಿಟ್ಟು ನೋಡಿ, ಖಾಸಗಿ ನರ್ಸಿಂಗ್ ಹೋಮ್‌ಗಳನ್ನು ಬಿಡಬೇಡಿ. ನಿಮ್ಮ ಯೋಜನೆಯಿಂದ ಸಾವು ಇಳಿಯಿತೇ ಎಂದು ಸಾಬೀತು ಮಾಡಬೇಕಾದ ಸಂಶೋಧಕರಾಗಿದ್ದರೆ ಮಾತ್ರ ಬೆಳಗಾವಿ ಮಾದರಿಯ ಪೂರ್ತಿ ರಿಜಿಸ್ಟ್ರಿಗೆ ಕೈಹಾಕಿ.

ಸಣ್ಣ ಸಂಸ್ಥೆಯಾಗಿದ್ದರೆ ನಿಮ್ಮ ಶಕ್ತಿ ಎರಡನೇ ಪಟ್ಟಿಯಲ್ಲಿದೆ. ಆಶಾ ಪಟ್ಟಿ ನೋಡದೆ ನಿಮ್ಮದೇ ಪಟ್ಟಿ ಮಾಡಿ. ಸೂಲಗಿತ್ತಿ ಅಜ್ಜಿ, ಸ್ತ್ರೀಶಕ್ತಿ ಸಂಘದವರು, ಅಂಗನವಾಡಿ ಟೀಚರ್, ಸ್ಮಶಾನದಲ್ಲಿ ಗುಂಡಿ ತೋಡುವವರು, ಇವರಿಗೆಲ್ಲ ಗೊತ್ತಿರುತ್ತದೆ. ಆಮೇಲೆ ಹೋಲಿಸಿ. ಆಶಾ ಪಟ್ಟಿಯಲ್ಲಿ 20 ಕೂಸುಗಳ ಸಾವು, ನಿಮ್ಮದರಲ್ಲಿ 15, ಎರಡರಲ್ಲೂ ಇರುವುದು 12 ಎನ್ನಿ. ಒಟ್ಟು ಸಿಕ್ಕಿದ್ದು 23. 20ನ್ನು 15ರಿಂದ ಗುಣಿಸಿ 12ರಿಂದ ಭಾಗಿಸಿದರೆ 25. ಇನ್ನೂ ಎರಡು ಎಲ್ಲೋ ಉಳಿದಿರಬಹುದು ಎಂದು ಅಂದಾಜು. ಎರಡು ಪಟ್ಟಿಗಳೂ ಒಂದನ್ನೊಂದು ನೋಡದೆ ಮಾಡಿದವಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ.

ಮೊಬೈಲ್ ಆ್ಯಪೋ, ನೋಟ್‌ಬುಕ್ಕೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಯಾವುದಾದರೂ ಸರಿ, ಅದರಲ್ಲಿ ಎರಡು ಕಾಲಂ ಜಾಸ್ತಿ ಇಡಿ. ಒಂದರಲ್ಲಿ ತವರೂರಿನ ಹೆಸರು, ಇನ್ನೊಂದರಲ್ಲಿ ಅಲ್ಲಿಯ ಆಶಾ ಫೋನ್ ನಂಬರ್. ಕುಬಸ ಮುಗಿಸಿ ಬಸುರಿ ಊರು ಬಿಟ್ಟ ದಿನವೇ ಆ ನಂಬರಿಗೆ ಒಂದು ಕರೆ ಹೋಗಲಿ: 'ಅಕ್ಕಾ, ನಮ್ಮ ಹುಡುಗಿ ನಿಮ್ಮ ಊರಿಗೆ ಬರುತ್ತಿದ್ದಾಳೆ, ಬಾಣಂತನ ಮುಗಿಯುವವರೆಗೆ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.'